ಮುಳ್ಳು ಹಸಿರಿನಲ್ಲೇ ಇತ್ತು

ಕಾರ್ಖಾನೆಯವರು ನನ್ನನ್ನು ಕೇಳುವವನ ಕೆಲಸಕ್ಕೆ ಆರಿಸಿದ್ದು ಬುದ್ಧಿ ನೋಡಿಯೂ ಅಲ್ಲ, ನಡತೆ ನೋಡಿಯೂ ಅಲ್ಲ. ಆಗ ನಾನು ಐವತ್ತೊಂದು ಕೆ.ಜಿ. ಇದ್ದೆ. ರವಾನೆ ವಿಭಾಗದಲ್ಲಿ ಅಷ್ಟು ಸಣಕಲ ಇನ್ನೊಬ್ಬ ಇರಲಿಲ್ಲ. ಮ್ಯಾನೇಜರ್ ದಿವಾಕರ ಸಾಹೇಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹಾಲೇಶಪ್ಪನವರಲ್ಲಿ ಬೇಕಾದಷ್ಟು ಜಾಗ ಇದೆ" ಅಂದರು. ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. ಸಾಹೇಬರು ತಮಾಷೆ ಮಾಡಿದಾಗ ನಗುವುದು ನನಗೆ ಮೊದಲಿನಿಂದ ಅಂಟಿದ ಚಾಳಿ. ಅದರಿಂದ ಏನೇನಾಯಿತು ಎಂಬುದನ್ನು ಈಗ ಹೇಳಲು ಕೂತಿದ್ದೇನೆ.

ನಮ್ಮೂರಿನಲ್ಲಿ ಕೆಟ್ಟ ಸಂಗತಿಯೊಂದು ಗೊತ್ತಾದವರ ಮೈತೂಕ ಏರುತ್ತದೆ. ಅದನ್ನು ಇನ್ನೊಬ್ಬರ ಎದುರು ಬಾಯಿಬಿಟ್ಟು ಹೇಳಿದರೆ ಹೇಳಿದವರದು ಇಳಿದು ಕೇಳಿದವರಿಗೆ ಏರುತ್ತದೆ. ಇಬ್ಬರಿಗೆ ಹೇಳಿದರೆ ಇಬ್ಬರಿಗೂ ಅರ್ಧರ್ಧ. ಚೀಟಿ ಬರೆದು ತಿಳಿಸಿದರೆ ಇಳಿಯುವುದಿಲ್ಲ, ಫೋನಿನಲ್ಲೂ ಮೈಕಿನಲ್ಲೂ ಇಳಿಯುವುದಿಲ್ಲ, ಆ ಕಡೆಯವರಿಗೆ ಏರುವುದೂ ಇಲ್ಲ. ಒಮ್ಮೆ ಹೇಳಿಯಾದ ಮೇಲೆ ಆ ಸಂಗತಿ ಹೇಳಿದವರ ನೆನಪಿನಲ್ಲಿ ಇರುತ್ತದೆ, ಆದರೆ ಕಾಡುವುದಿಲ್ಲ. ಇಷ್ಟನ್ನು ನಮ್ಮ ಮಕ್ಕಳು ಮಗ್ಗಿ ಕಲಿಯುವ ಮೊದಲೇ ಕಲಿತಿರುತ್ತಾರೆ. ಹೆಣ್ಣು ನೋಡಲು ಬಂದ ಕಡೆ ಹುಡುಗನ ಅಪ್ಪ ಕೂತ ಮಂಚ ಕಿರ್ ಎಂದರೆ ಹೆಣ್ಣಿನ ಕಡೆಯವರು ಉಪ್ಪಿಟ್ಟು ಕೊಟ್ಟು ಕಳಿಸಿಬಿಡುತ್ತಾರೆ. ಆಟೋದವರು ಹಿಂದಿನ ಚಕ್ರ ನೋಡಿಕೊಂಡು, "ಮನಸ್ಸಲ್ಲಿ ಏನಾದ್ರೂ ಇಟ್ಕೊಂಡಿದ್ದೀರಾ ಸಾರ್, ಗಾಡಿ ಎಳೀತಿಲ್ಲ" ಎನ್ನುತ್ತಾರೆ.

ನಮ್ಮ ಕಾರ್ಖಾನೆಯಲ್ಲಿ ತಯಾರಾಗುವುದು ಬೆಂಕಿ ಆರಿಸುವ ಕೆಂಪು ಸಿಲಿಂಡರ್. ಒಳಗೆ ಪುಡಿ, ಪುಡಿಯ ಮೇಲೆ ಒತ್ತಡದ ಗಾಳಿ, ಕತ್ತಿನ ಹತ್ತಿರ ಒಂದು ಸಣ್ಣ ಮೀಟರು. ಮೀಟರಿನ ಮುಳ್ಳು ಹಸಿರು ಪಟ್ಟೆಯಲ್ಲಿದ್ದರೆ ಸಿಲಿಂಡರ್ ಸರಿಯಾಗಿದೆ ಎಂದು ಲೆಕ್ಕ. ಬೆಳಗ್ಗೆ ಗೇಟಿನಲ್ಲಿ ಎಲ್ಲರನ್ನೂ ತೂಗುತ್ತಿದ್ದರು. ನಿನ್ನೆಗಿಂತ ಎರಡು ಕೆ.ಜಿ. ಹೆಚ್ಚು ತೂಗಿದವರನ್ನು ನೇರ ನನ್ನ ಕೋಣೆಗೆ ಕಳಿಸುತ್ತಿದ್ದರು. ನೆಲಕ್ಕೆ ದಪ್ಪ ಕಲ್ಲು ಚಪ್ಪಡಿ, ಅದರ ಮೇಲೆ ನಮ್ಮವರೇ ವೆಲ್ಡಿಂಗ್ ಮಾಡಿದ ಕಬ್ಬಿಣದ ಕುರ್ಚಿ, ಗೋಡೆಯ ಮೇಲೆ ಒಂದು ಬೋರ್ಡು: "ಹೇಳಿ, ಹಗುರಾಗಿ, ಕೆಲಸಕ್ಕೆ ಹೋಗಿ." ಅವರು ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ. ಹಿತ್ತಾಳೆ ನಳಿಕೆ ಕದ್ದು ಸಾಗಿಸುವವರ ವಿಷಯ, ಮೇಸ್ತ್ರಿಯೊಬ್ಬನ ಕೈ ಹೆಣ್ಣುಮಕ್ಕಳ ಬೆನ್ನಿನ ಮೇಲೆ ಆಡುವ ವಿಷಯ, ಬೆರಳು ಕತ್ತರಿಸಿಕೊಂಡವನಿಂದ ತಪ್ಪು ತನ್ನದೇ ಎಂದು ಬರೆಸಿಕೊಂಡ ವಿಷಯ. ಹೇಳಿ ಮುಗಿಸಿ, ಒಂದು ಲೋಟ ಟೀ ಕುಡಿದು, ಕೈಬೀಸಿಕೊಂಡು ಹೋಗುತ್ತಿದ್ದರು.

ನಿಯಮದ ಪ್ರಕಾರ ನಾನು ಪ್ರತಿ ಶುಕ್ರವಾರ ಮೂರನೇ ಮಹಡಿಗೆ ಹತ್ತಿ, ಆ ವಾರ ಕೇಳಿದ್ದನ್ನೆಲ್ಲ ದಿವಾಕರ ಸಾಹೇಬರ ಎದುರು ಕೂತು ಹೇಳಬೇಕಿತ್ತು. ಮೊದಲ ವರ್ಷ ಹಾಗೆಯೇ ನಡೆಯಿತು. ಎರಡನೇ ವರ್ಷ ಸಾಹೇಬರಿಗೆ ಶುಕ್ರವಾರಗಳಂದು ಬೇರೆ ಊರಿನ ಕೆಲಸ ಬರತೊಡಗಿತು. ಹೇಳದೆ ಉಳಿದದ್ದೆಲ್ಲ ನನ್ನ ಮೈಮೇಲೆಯೇ ಉಳಿಯಿತು. ಮಹಡಿಯ ಮೆಟ್ಟಿಲು ಮರದ್ದು. ನಾನು ನೂರು ದಾಟಿದ ವರ್ಷ ಅದರ ನಾಲ್ಕನೇ ಹಲಗೆ ಸೀಳಿತು. ಮರುದಿನವೇ ಸೂಚನಾ ಫಲಕ ಬಂತು: ನೂರು ಕೆ.ಜಿ. ಮೀರಿದವರು ಮೆಟ್ಟಿಲು ಬಳಸಬಾರದು, ಇದು ನಿಮ್ಮ ಸುರಕ್ಷತೆಗಾಗಿ. ಇಡೀ ಕಾರ್ಖಾನೆಯಲ್ಲಿ ನೂರು ಮೀರಿದವನು ನಾನೊಬ್ಬನೇ. ಅಂದಿನಿಂದ ಚೀಟಿ ಬರೆದು ಮೇಲೆ ಕಳಿಸಿದೆ. ಪ್ರತಿ ಚೀಟಿಯೂ "ನೋಡಿದೆ" ಎಂಬ ರುಜುವಿನೊಂದಿಗೆ ಕೆಳಗೆ ಬಂದು ನನ್ನ ಕಪಾಟು ಸೇರಿತು. ನಮ್ಮದು ಊರಿನಲ್ಲೇ ಅತಿ ಹಗುರ ಕಾರ್ಮಿಕರ ಕಾರ್ಖಾನೆ ಎಂದು ಎರಡು ಸಲ ಬಹುಮಾನ ಬಂತು. ಬಹುಮಾನದ ಫೋಟೋ ತೆಗೆದದ್ದು ಮೇಲಿನ ಮಹಡಿಯಲ್ಲಿ.

ಮನೆಯಲ್ಲಿ ನಾನು ಮತ್ತು ಅಕ್ಕ ಇಬ್ಬರೇ. ಅವಳ ಹೆಸರು ಭಾಗೀರಥಿ, ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಅಮ್ಮ ಹೋದಾಗ ನನಗೆ ಆರು ವರ್ಷ, ಅವಳಿಗೆ ಹದಿನೇಳು. ನನ್ನನ್ನು ಸಾಕುವ ಗಡಿಬಿಡಿಯಲ್ಲಿ ಅವಳು ಮದುವೆಯಾಗುವುದನ್ನು ಮರೆತಳು. ನಾನು ಯಾವ ಗಡಿಬಿಡಿಯೂ ಇಲ್ಲದೆ ಮರೆತೆ. ಊರಿನ ಅರ್ಧ ಮಕ್ಕಳಿಗೆ ಮೊದಲ ನೀರು ಹಾಕಿದವಳು ಅವಳೇ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಒಮ್ಮೆ ವಾರ್ಡಿನ ಕಿಟಕಿಗೆ ಗಾಜು ಹಾಕಿಸಲು ದೊಡ್ಡ ಡಾಕ್ಟರು ತಿಂಗಳುಗಟ್ಟಲೆ ಸತಾಯಿಸಿದಾಗ, ಅವರ ಕೋಣೆಯ ಕಿಟಕಿಯ ಗಾಜನ್ನೇ ಬಿಚ್ಚಿ ತಂದು ವಾರ್ಡಿಗೆ ಹಾಕಿಸಿದ್ದಳು. ಈಗ ಐವತ್ತೆಂಟು, ಎರಡೂ ಮಂಡಿ ಹೋಗಿದ್ದವು. ಸಂಜೆ ಬಿಸಿ ಉಪ್ಪಿನ ಗಂಟು ಒತ್ತಿಕೊಳ್ಳುತ್ತಾ ನನ್ನ ಕಡೆ ನೋಡಿ, "ಏನಾದ್ರೂ ಇದ್ರೆ ಹೇಳೋ, ಒಂದಿಷ್ಟು ನನ್ ಕಡೆಗೂ ಇಳಿಸು. ಒಬ್ನೇ ಹೊತ್ಕೊಂಡು ಸಾಯ್ತೀಯ" ಅನ್ನುತ್ತಿದ್ದಳು. ನಾನು, "ಆಫೀಸಿಂದು ಆಫೀಸಲ್ಲೇ ಇರ್ಲಿ ಬಿಡಕ್ಕ" ಅನ್ನುತ್ತಿದ್ದೆ. ಆ ಮಂಡಿಗಳ ಮೇಲೆ ಇನ್ನೊಂದು ಕೆ.ಜಿ. ಹೇರಲು ನನಗೆ ಮನಸ್ಸು ಬರುತ್ತಿರಲಿಲ್ಲ.

ಶ್ರಾವಣದ ಒಂದು ಬೆಳಗ್ಗೆ ದೇವೀರಮ್ಮ ನನ್ನ ಕೋಣೆಗೆ ಬಂದಳು. ಪುಡಿ ತುಂಬುವ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಇದ್ದ ಹೆಂಗಸು. ಅವಳನ್ನು ಗೇಟಿನಿಂದ ಇಬ್ಬರು ತೋಳು ಹಿಡಿದು ಕರೆತಂದಿದ್ದರು. ಒಂದೇ ರಾತ್ರಿಗೆ ಹನ್ನೊಂದು ಕೆ.ಜಿ. ಏರಿದ್ದಳು. ನನ್ನ ಒಂಬತ್ತು ವರ್ಷದ ಕೆಲಸದಲ್ಲಿ ಅಷ್ಟನ್ನು ಒಟ್ಟಿಗೆ ತಂದವರು ಯಾರೂ ಇರಲಿಲ್ಲ. ನನಗೆ ಭಯವಾಯಿತು.

"ಕೂತ್ಕೊಳ್ಳಮ್ಮ. ಏನಾಯ್ತು?"

"ಹೆಂಗೇಳ್ಲಿ ಹಾಲೇಶಣ್ಣ. ಪುಡಿ ಒಣಗಿಸೋ ಒಲೆ ಆಷಾಢದಲ್ಲೇ ಕೆಟ್ಟೋಯ್ತು. ರಿಪೇರಿ ಮಾಡ್ಸಿ ಅಂದ್ರೆ ಮೇಸ್ತ್ರಿ ನಾಳೆ ನಾಡಿದ್ದು ಅಂದ. ಈ ಮಳೇಲಿ ಹಸಿ ಪುಡೀನೇ ತುಂಬ್ತಾ ಇದ್ದೀವಿ. ನಿನ್ನೆ ಸಾಯಂಕಾಲ ಬಟ್ಟೆ ಅಂಗಡಿಯೋರು ಒಂದು ಸಿಲಿಂಡ್ರು ವಾಪಸ್ ತಂದಿದ್ರು, ಹಿಡಿ ಮುರಿದೋಗಿತ್ತು. ಅಲ್ಲಾಡಿಸಿ ನೋಡ್ದೆ, ಸದ್ದೇ ಇಲ್ಲ. ತಲೆ ಬಿಚ್ಚಿದೆ. ಅಣ್ಣ, ಒಳಗೆ ಕಲ್ಲು. ಪುಡಿಯೆಲ್ಲ ಕಲ್ಲಾಗಿ ಕೂತ್ಬಿಟ್ಟಿತ್ತು. ಸುತ್ತಿಗೇಲಿ ಹೊಡೆದ್ರೂ ಬರ್ಲಿಲ್ಲ."

"ಮೀಟರು?"

"ಮುಳ್ಳು ಹಸಿರಲ್ಲೇ ಇತ್ತು! ಗಾಳಿ ಇರುತ್ತಲ್ಲ ಒಳಗೆ, ಮುಳ್ಳಿಗೇನು ಗೊತ್ತಾಗುತ್ತೆ? ಒತ್ತಿದ್ರೆ ಬುಸ್ ಅಂತ ಗಾಳಿ ಬರುತ್ತೆ ಅಷ್ಟೆ. ಆಗ್ಲೇ ಎಷ್ಟೋ ಹೊರಗೆ ಹೋಗ್ಬಿಟ್ಟವೆ. ಶಾಲೆಗೆ, ಸಿನಿಮಾ ಟಾಕೀಸಿಗೆ... ಹೆರಿಗೆ ಆಸ್ಪತ್ರೆಗೇ ಹನ್ನೆರಡು ಹೋದ್ವು."

ಹೇಳುತ್ತಾ ಹೇಳುತ್ತಾ ಅವಳ ಹೆಗಲು ನೆಟ್ಟಗಾಯಿತು, ಮುಖದ ಸುಕ್ಕು ಬಿಟ್ಟಿತು. ನನ್ನ ಸೊಂಟದ ಮೂಳೆ ಕಬ್ಬಿಣದ ಕುರ್ಚಿಗೆ ಒತ್ತಿಕೊಂಡು ನೋಯತೊಡಗಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಂದು ಆಕಳಿಕೆ ತೆಗೆದಳು. "ಅಬ್ಬ, ಈಗ ಜೀವ ಬಂದಂಗಾಯ್ತು. ಟೀ ಐತಾ ಅಣ್ಣ?" ಅಂದಳು. ಟೀ ಕುಡಿದು ಪುಡಿ ತುಂಬಲು ಹೋದಳು. ಅವಳು ಕೆಟ್ಟವಳಲ್ಲ. ನಮ್ಮಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಕಲಿಸುವುದು ಅದನ್ನು: ಕೇಳುವವನಿಗೆ ಹೇಳಿದರೆ ನಿನ್ನ ಕರ್ತವ್ಯ ಮುಗಿಯಿತು. ಹದಿನೈದು ದಿನದ ಮೇಲೆ ಅಂಗಳದಲ್ಲಿ ಸಿಕ್ಕಾಗ, "ಈಗಲೂ ಹಸಿ ಪುಡೀನೇ ತುಂಬ್ತಿದ್ದೀರಾ?" ಎಂದು ಕೇಳಿದೆ. "ಹೂನಣ್ಣ. ಅದೇ, ನಿಮ್ಗೆ ಹೇಳಿದ್ನಲ್ಲ" ಎಂದು ನಗುತ್ತಾ ಹೋದಳು.

ನಾನು ಚೀಟಿ ಬರೆದೆ. "ನೋಡಿದೆ" ಎಂದು ಬಂತು. ಎರಡನೆಯದನ್ನು ಕೆಂಪು ಶಾಯಿಯಲ್ಲಿ ಬರೆದೆ. ಅದಕ್ಕೂ "ನೋಡಿದೆ". ಮೂರನೆಯದರಲ್ಲಿ ದಯವಿಟ್ಟು ಕೆಳಗೆ ಬನ್ನಿ ಎಂದು ಬೇಡಿಕೊಂಡೆ. ಅವತ್ತು ದಿವಾಕರ ಸಾಹೇಬರು ಮೂರನೇ ಮಹಡಿಯ ಬಾಲ್ಕನಿಗೆ ಬಂದು ನಿಂತರು. ನಾನು ಅಂಗಳದಲ್ಲಿ ಕತ್ತೆತ್ತಿ ನಿಂತಿದ್ದೆ.

"ಹಾಲೇಶಪ್ಪ, ಮುಳ್ಳು ಹಸಿರಲ್ಲಿದೆ ತಾನೆ?" ಎಂದು ಮೇಲಿನಿಂದಲೇ ಕೇಳಿದರು.

"ಇದೆ ಸಾರ್, ಆದ್ರೆ ಒಳಗಡೆ..."

"ಅಷ್ಟು ಸಾಕು, ಅಷ್ಟು ಸಾಕು. ನೀವು ಮೆಟ್ಟಿಲ ಹತ್ರ ಬರ್ಬೇಡಿ, ನಿಮ್ಮ ಜೀವಕ್ಕೇ ಅಪಾಯ. ನಿಮ್ಮ ಸೇವೆ ನಮ್ಗೆ ಬೇಕು." ನಾನು ಮುಂದಿನ ಮಾತು ಆಡುವ ಮೊದಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮರುವಾರ ನನಗೆ ಇನ್ನೂ ಗಟ್ಟಿಯಾದ ಕುರ್ಚಿ ಬಂತು, ಅದಕ್ಕೆ ಸ್ಪಂಜಿನ ದಿಂಬು ಬೇರೆ. ಅವರು ಎಲ್ಲವನ್ನೂ ಬಲ್ಲರು, ಬರೀ ಕೇಳಿಸಿಕೊಳ್ಳುವುದಿಲ್ಲ ಎಂದು ಆಗ ನನಗೆ ಅರ್ಥವಾಯಿತು. ಆರು ತಿಂಗಳಿಗೊಮ್ಮೆ ಬರುವ ಸರ್ಕಾರದ ಇನ್‌ಸ್ಪೆಕ್ಟರನ್ನೂ ಗೇಟಿನ ಬಳಿ ಕಾದು ಹಿಡಿದೆ. ನನ್ನ ಗಾತ್ರ ನೋಡಿಯೇ ಆ ಮನುಷ್ಯ ಎರಡೂ ಕೈ ಮುಂದೆ ಚಾಚಿದ. "ಬೇಡಿ ಸ್ವಾಮಿ, ನಂಗೆ ಬೆನ್ನುಹುರಿ ತೊಂದ್ರೆ ಇದೆ. ಏನಿದ್ರೂ ಅರ್ಜಿ ಬರ್ದು ಹಾಕಿ" ಎಂದು ಜೀಪು ಹತ್ತಿದ.

ಸಂಗತಿ ಬೆಳೆದರೆ ತೂಕವೂ ಬೆಳೆಯುತ್ತದೆ. ಲಾರಿಯೊಂದು ಲೋಡು ತುಂಬಿಕೊಂಡು ಗೇಟು ದಾಟಿದಾಗಲೆಲ್ಲ ನನ್ನ ಪಾದ ಕೆಳಗೆ ಇಳಿದಂತಾಗುತ್ತಿತ್ತು. ಹನ್ನೊಂದು ಇಪ್ಪತ್ತಾಯಿತು, ಇಪ್ಪತ್ತು ನಲವತ್ತಾಯಿತು. ಮನೆಯಲ್ಲಿ ಮಂಚ ಮುರಿದು, ನೆಲದ ಮೇಲೆ ಮಲಗತೊಡಗಿದೆ. ಬೆಳಗ್ಗೆ ಅಕ್ಕ ನನ್ನ ಎರಡೂ ಕೈ ಹಿಡಿದು ಎಬ್ಬಿಸಿ ಕೂರಿಸುತ್ತಿದ್ದಳು. ಒಂದು ಬೆಳಗ್ಗೆ ಹಾಗೆ ಎಬ್ಬಿಸುವಾಗ ಅವಳ ಮಂಡಿ ಕಟಕ್ ಎಂದಿತು. ಅವಳು ಹಲ್ಲು ಕಚ್ಚಿಕೊಂಡು ಗೋಡೆ ಹಿಡಿದು ನಿಂತಳು.

"ಇದು ಸಣ್ಣ ವಿಷ್ಯ ಅಲ್ಲ ಕಣೋ. ಏನಿದು, ಹೇಳು ನಂಗೆ."

ಅವತ್ತು ನಾಲಿಗೆಯ ತುದಿಗೆ ಬಂದಿತ್ತು. ನಿನ್ನ ವಾರ್ಡಿನ ಗೋಡೆಯ ಮೇಲೆ ತೂಗುತ್ತಿರುವುದು ಕಲ್ಲು ಕಣಕ್ಕ ಎಂದು ಒಂದು ಮಾತು. ಹೇಳಿದ್ದರೆ ಅವಳು ಆ ಕ್ಷಣವೇ ಹೋಗಿ ಹನ್ನೆರಡನ್ನೂ ಕಿತ್ತು ದೊಡ್ಡ ಡಾಕ್ಟರ ಮೇಜಿನ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದಳು. ಅದು ನನಗೆ ಗೊತ್ತಿತ್ತು. ಆದರೆ ನಲವತ್ತು ಕೆ.ಜಿ. ಅವಳ ಮೇಲೆ ಬಿದ್ದರೆ ಮತ್ತೆ ನಡೆಯಲಾರಳು ಎಂಬುದೂ ಗೊತ್ತಿತ್ತು. ನಿವೃತ್ತಿಗೆ ಎರಡು ವರ್ಷ ಇರುವಾಗ ಆಸ್ಪತ್ರೆಯವರು ಹೊರಗೆ ಹಾಕಿದರೆ ಎಂಬ ಯೋಚನೆಯೂ ಬಂತು. ಅಕ್ಕನ ಮೇಲಿನ ಪ್ರೀತಿಯಿಂದಲೇ ಬಾಯಿ ಮುಚ್ಚಿಕೊಂಡೆ ಎಂದು ತುಂಬ ದಿನ ನಂಬಿದ್ದೆ. ಈಗ ನೋಡಿದರೆ, ಅವಳು ಎಬ್ಬಿಸುವ ಗಲಾಟೆಗೆ ಹೆದರಿದ್ದೂ ಅಷ್ಟೇ ನಿಜ.

"ಏನಿಲ್ಲ ಬಿಡಕ್ಕ, ಹಳೇದೆಲ್ಲ ಸೇರ್ಕೊಂಡಿದೆ" ಅಂದೆ.

ಆಗ ನನಗೆ ಒಂದು ಉಪಾಯ ಹೊಳೆಯಿತು. ಹೊಳೆದಾಗ ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಕಾರ್ತಿಕ ಮಾಸದಲ್ಲಿ ಕಾರ್ಖಾನೆಯ ಸ್ಥಾಪಕರ ದಿನ. ಊರಿನ ಮೈದಾನದಲ್ಲಿ ಶಾಮಿಯಾನ ಹಾಕಿ, ಮೂರು ಸಾವಿರ ಜನರಿಗೆ ಊಟ ಹಾಕಿ, ಆರ್ಕೆಸ್ಟ್ರಾ ಕರೆಸುತ್ತಾರೆ. ಆ ವರ್ಷ ಹತ್ತು ವರ್ಷದ ಸೇವೆಗಾಗಿ ನನಗೆ ಶಾಲು ಹೊದಿಸುವವರಿದ್ದರು. ಒಬ್ಬರಿಗೆ ಹೇಳಿದರೆ ಒಬ್ಬರು ಕುಸಿಯುತ್ತಾರೆ. ಮೂರು ಸಾವಿರ ಜನರಿಗೆ ಒಟ್ಟಿಗೆ ಹೇಳಿದರೆ ಯಾರಿಗೂ ನೋವಿಲ್ಲ, ಎಲ್ಲರಿಗೂ ಗೊತ್ತಾಗುತ್ತದೆ, ಅಷ್ಟು ಜನರಲ್ಲಿ ಯಾರಾದರೂ ಒಬ್ಬರು ಎದ್ದು ನಿಲ್ಲದೆ ಇರುತ್ತಾರೆಯೇ? ಅಕ್ಕನಿಗೂ ಅವಳ ಪಾಲಿನ ಒಂದು ಚೂರು ಹೋಗುತ್ತದೆ, ಆ ಚೂರು ಅವಳ ಮಂಡಿಗೆ ತಿಳಿಯುವುದೂ ಇಲ್ಲ. ಹೀಗೆ ಲೆಕ್ಕ ಹಾಕಿ, ಅಲ್ಲಿಯವರೆಗೆ ಮೂರು ವಾರ ಕಾದೆ.

ಸ್ಥಾಪಕರ ದಿನ ವೇದಿಕೆಗೆ ನನ್ನನ್ನು ಹಿಂದಿನಿಂದ ಮಣ್ಣಿನ ಇಳಿಜಾರು ಮಾಡಿ ಹತ್ತಿಸಿದರು. ಆಗ ನನ್ನ ಮೇಲೆ ಪುಡಿಯ ವಿಷಯವೊಂದೇ ಅರವತ್ತು ಕೆ.ಜಿ. ಇತ್ತು. ಶಾಲು ಹೊದಿಸಿದರು, ಹಾರ ಹಾಕಿದರು, ಎರಡು ಮಾತಾಡಿ ಎಂದರು. ನಾನು ಮೈಕನ್ನು ಪಕ್ಕಕ್ಕೆ ಸರಿಸಿ, ಗಂಟಲು ಹರಿಯುವಂತೆ ಎಲ್ಲವನ್ನೂ ಹೇಳಿದೆ. ಒಲೆ ಕೆಟ್ಟದ್ದು, ಹಸಿ ಪುಡಿ ತುಂಬಿದ್ದು, ಅದು ಕಲ್ಲಾಗುವುದು, ಮುಳ್ಳು ಸುಳ್ಳು ಹೇಳುವುದು, ಊರಿನಲ್ಲಿ ಆರುನೂರ ನಲವತ್ತು ಅಂಥ ಸಿಲಿಂಡರ್ ತೂಗುತ್ತಿರುವುದು, ಯಾವ ಯಾವ ಗೋಡೆಯ ಮೇಲೆ ಎಂಬುದು. ಹೇಳುತ್ತಿದ್ದಂತೆ ಮೈಯಿಂದ ಒದ್ದೆ ಕಂಬಳಿ ತೆಗೆದಂತೆ ತೂಕ ಇಳಿಯಿತು. ಕೊನೆಯ ಮಾತು ಮುಗಿದಾಗ ನನಗೆ ಅಳು ಬಂತು, ಸಂತೋಷಕ್ಕೆ.

ಅರವತ್ತು ಕೆ.ಜಿ. ಮೂರು ಸಾವಿರ ಪಾಲಾಗಿತ್ತು. ಒಬ್ಬೊಬ್ಬರಿಗೆ ಅರ್ಧ ನಿಂಬೆಹಣ್ಣಿನಷ್ಟು. ಕೆಲವರು ಕತ್ತು ಉಜ್ಜಿಕೊಂಡರು. ಒಬ್ಬ ಚಪ್ಪಲಿಯಲ್ಲಿ ಕಲ್ಲು ಸಿಕ್ಕಿತೇನೋ ಎಂದು ಕಾಲು ಒದರಿದ. ಮುಂದಿನ ಸಾಲಿನ ಹೆಂಗಸೊಬ್ಬಳು, "ಅಯ್ಯೋ, ಹಂಗಂತೆ ಕಣ್ರೀ" ಎಂದು ಪಕ್ಕದವಳಿಗೆ ಹೇಳಿದಳು. ದಿವಾಕರ ಸಾಹೇಬರು ತಮ್ಮ ಪಾಲಿನ ಅರ್ಧ ನಿಂಬೆಹಣ್ಣನ್ನು ಹೊತ್ತು ಸಲೀಸಾಗಿ ಎದ್ದು, ಚಪ್ಪಾಳೆ ತಟ್ಟುತ್ತಾ ಮೈಕಿನ ಬಳಿ ಬಂದರು. "ನಮ್ಮ ಸಂಸ್ಥೆಯಲ್ಲಿ ಕೆಳಗಿನ ನೌಕರರೂ ಇಷ್ಟು ಧೈರ್ಯವಾಗಿ ಮಾತಾಡಬಹುದು. ಇದೇ ನಮ್ಮ ಹೆಮ್ಮೆ" ಎಂದರು. ಮೂರು ಸಾವಿರ ಜನ ಚಪ್ಪಾಳೆ ಹೊಡೆದರು. ಆರ್ಕೆಸ್ಟ್ರಾ ಶುರುವಾಯಿತು.

ಮನೆಗೆ ಹೋಗುವಾಗ ಅಕ್ಕ ನನ್ನ ಕೈ ಹಿಡಿದುಕೊಂಡು ನಡೆದಳು. "ಒಳ್ಳೇದ್ ಮಾಡ್ದೆ. ಎಷ್ಟು ಇಳಿದಿದ್ದೀಯ ನೋಡು, ಮುಖ ಕಾಣ್ತಾ ಇದೆ" ಅಂದಳು. ಸ್ವಲ್ಪ ದೂರ ಹೋದ ಮೇಲೆ, "ನಮ್ ಆಸ್ಪತ್ರೇಲೂ ಅವೇ ಅಲ್ವಾ ಇರೋದು. ಇಷ್ಟು ಜನ ಕೇಳಿದಾರೆ, ಯಾರಾದ್ರೂ ಬಂದು ಬದಲಾಯಿಸ್ತಾರೆ ಬಿಡು" ಅಂದಳು. ಡಾಕ್ಟರ ಕಿಟಕಿ ಬಿಚ್ಚಿ ತಂದ ನನ್ನ ಅಕ್ಕ ಹೇಳಿದ ಮಾತು ಅದು. ನನಗೆ ಅದು ವಿಚಿತ್ರ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ನನ್ನ ಮೇಲೆ ಅದರ ಅರ್ಧ ನಿಂಬೆಹಣ್ಣೂ ಉಳಿದಿರಲಿಲ್ಲ.

ನನಗೆ ಶಿಕ್ಷೆಯಾಗುತ್ತದೆ ಎಂದುಕೊಂಡಿದ್ದೆ. ಬಡ್ತಿ ಬಂತು. ಉಳಿದ ಹಳೆಯ ಸಂಗತಿಗಳನ್ನು ಹೊಸದಾಗಿ ನೇಮಿಸಿದ ಕೇಳುವವನೊಬ್ಬನ ಎದುರು ಇಳಿಸಲು ಹೇಳಿದರು. ಪಾಪ, ಅವನೂ ನನ್ನ ಹಾಗೆಯೇ ಸಣಕಲ. ಎರಡು ದಿನ ಕೂತು ಇಳಿಸಿದೆ. ನಂತರ ಮೂರನೇ ಮಹಡಿಯಲ್ಲಿ ಕಿಟಕಿ ಪಕ್ಕದ ಮೇಜು ಕೊಟ್ಟರು. ವರ್ಷಗಳ ಮೇಲೆ ಆ ಮರದ ಮೆಟ್ಟಿಲು ಹತ್ತಿದೆ. ದಿವಾಕರ ಸಾಹೇಬರು ಈಗ ಎದುರಿಗೇ ಕೂರುತ್ತಿದ್ದರು, ಮಧ್ಯಾಹ್ನ ತಮ್ಮ ಡಬ್ಬಿಯ ಉಪ್ಪಿನಕಾಯಿ ನನಗೂ ಹಾಕುತ್ತಿದ್ದರು. ಯಾವುದಕ್ಕಾಗಿ ನಾಲ್ಕು ತಿಂಗಳು ಅಂಗಳದಲ್ಲಿ ಕತ್ತೆತ್ತಿ ನಿಂತಿದ್ದೆನೋ ಅದನ್ನು ಅವರಿಗೆ ಹೇಳಲು ಈಗ ಏನೂ ಅಡ್ಡಿ ಇರಲಿಲ್ಲ. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಒಮ್ಮೆ ನಾನೇ, "ಆ ಒಲೆ ರಿಪೇರಿ ಆಯ್ತಾ ಸಾರ್?" ಅಂದೆ. "ಮುಂದಿನ ತಿಂಗಳು ನೋಡೋಣ" ಅಂದರು. "ಆಯ್ತು ಸಾರ್" ಅಂದೆ. ಕೆಳಗಿನಿಂದ ಹೊಸ ಕೇಳುವವನು ಕಳಿಸುವ ಚೀಟಿಗಳಿಗೆ "ನೋಡಿದೆ" ಎಂದು ಬರೆದು ಸಾಹೇಬರ ರುಜುವಿಗೆ ಇಡುವುದು ನನ್ನ ಕೆಲಸ. ಅಷ್ಟು ಚೆನ್ನಾಗಿ ನಿದ್ದೆ ಬಂದ ದಿನಗಳು ನನ್ನ ಬದುಕಿನಲ್ಲೇ ಇಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ನಿಜ.

ಮೂರು ವಾರ ಕಳೆದಿರಬೇಕು. ಒಂದು ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ನನ್ನ ಕಿಟಕಿಯಿಂದ ಹೊಗೆ ಕಂಡಿತು. ಯಾರೋ ತರಗು ಸುಡುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಗೇಟಿನವನು ಓಡಿ ಬಂದು, ಹೆರಿಗೆ ಆಸ್ಪತ್ರೆ ಎಂದ.

ಬೆಂಕಿ ಹತ್ತಿದ್ದು ಬಟ್ಟೆ ಕೋಣೆಯಲ್ಲಿ, ಇಸ್ತ್ರಿ ಪೆಟ್ಟಿಗೆಯಿಂದ. ಮೊದಲು ನೋಡಿದ್ದು ಅಕ್ಕ. ಆಗ ಉರಿ ಒಂದು ಬುಟ್ಟಿಯಷ್ಟೇ ಇತ್ತಂತೆ. ಗೋಡೆಯಿಂದ ಸಿಲಿಂಡರ್ ಇಳಿಸಿ, ಪಿನ್ನು ಎಳೆದು ಒತ್ತಿದಳು. ಬುಸ್ ಎಂದು ಗಾಳಿ ಬಂದು ಉರಿ ಇನ್ನೂ ಎದ್ದಿತು. ಎರಡನೆಯದನ್ನು ತಂದಳು, ಮೂರನೆಯದನ್ನು ತಂದಳು. ನಾಲ್ಕನೆಯದಕ್ಕೆ ಹೋಗುವಷ್ಟರಲ್ಲಿ ಬೆಂಕಿ ವಾರ್ಡಿನ ಪರದೆ ಹಿಡಿದಿತ್ತು. ಆ ಸಿಲಿಂಡರುಗಳಿಗೆ ಕಳೆದ ಹೊತ್ತಿನಲ್ಲಿ ಆಸ್ಪತ್ರೆಯ ಹಿಂದಿನ ಕೊಳದಿಂದ ಎಷ್ಟು ಬಕೆಟ್ ನೀರು ತರಬಹುದಿತ್ತೆಂದು ನಾನು ಆಮೇಲೆ ಲೆಕ್ಕ ಹಾಕಿದ್ದೇನೆ. ಅವಳು ಒದ್ದೆ ಕಂಬಳಿ ಸುತ್ತಿಕೊಂಡು ಒಳಗೆ ಹೋದಳು. ಆ ಮಂಡಿಗಳಲ್ಲಿ ಆರು ಸಲ ಹೋಗಿ ಬಂದಳು, ಪ್ರತಿ ಸಲವೂ ಎರಡೆರಡು ಕೂಸು. ತೊಟ್ಟಿಲ ಕಬ್ಬಿಣ ಕಾದಿತ್ತು. ಏಳನೇ ಸಲ ಬೇರೆಯವರು ಅವಳನ್ನು ಹಿಡಿದುಕೊಂಡರು. ಇಬ್ಬರು ಬಾಣಂತಿಯರು ಮತ್ತು ಐದು ಕೂಸು ಒಳಗೇ ಉಳಿದವು.

ವಿಚಾರಣೆ ಟೌನ್ ಹಾಲಿನಲ್ಲಿ ನಡೆಯಿತು. ಸಿಲಿಂಡರ್ ಕೆಟ್ಟಿರುವ ಸಂಗತಿಯನ್ನು ಕಾರ್ಖಾನೆ ಮುಚ್ಚಿಟ್ಟಿತ್ತೇ ಎಂದು ವಿಚಾರಣೆಯ ಅಧಿಕಾರಿ ಕೇಳಿದರು. ಇಲ್ಲ ಎಂದರು ಕಾರ್ಖಾನೆಯ ವಕೀಲರು, ತುಂಬಿದ ಸಭೆಯಲ್ಲಿ ಕಾರ್ಖಾನೆಯ ನೌಕರನೇ ಹೇಳಿದ್ದಾನೆ. ಯಾರು ಯಾರಿಗೆ ಮೊದಲೇ ತಿಳಿದಿತ್ತು ಎಂದು ಅಧಿಕಾರಿ ಹಾಲಿನ ಕಡೆ ನೋಡಿದರು. ಒಬ್ಬೊಬ್ಬರಾಗಿ ಕೈ ಎತ್ತಿದರು. ದೇವೀರಮ್ಮ ಎತ್ತಿದಳು, ದೊಡ್ಡ ಡಾಕ್ಟರು ಎತ್ತಿದರು, ಸತ್ತ ಬಾಣಂತಿಯೊಬ್ಬಳ ಗಂಡ ಎತ್ತಿದ. ಅವನ ಕೈ ನೋಡಿದಾಗ ನಾನು ತಲೆ ತಗ್ಗಿಸಿದೆ. ಊರಿಗೆಲ್ಲ ತಿಳಿದಿದ್ದನ್ನು ಮುಚ್ಚಿಟ್ಟರು ಎನ್ನಲಾಗದು ಎಂದು ಅಧಿಕಾರಿ ಬರೆದುಕೊಂಡರು. ದಿವಾಕರ ಸಾಹೇಬರು ಹೊರಗೆ ಬಂದು ನನ್ನ ಬೆನ್ನು ತಟ್ಟಿದರು. "ಅವತ್ತು ನೀವು ಮಾತಾಡಿದ್ದು ಎಷ್ಟು ಒಳ್ಳೇದಾಯ್ತು ನೋಡಿ" ಎಂದರು. ಹೊಡೆಯಬೇಕು ಎಂದುಕೊಂಡೆ. ಕೈ ಎತ್ತುವಷ್ಟು ಕೋಪ ಎಲ್ಲಿಂದ ತರುವುದೆಂದು ತಿಳಿಯಲಿಲ್ಲ. ಸತ್ತವರ ತೂಕವೂ ಊರಿನ ಮೇಲೆಲ್ಲ ಹಂಚಿಹೋಗಿತ್ತು.

ಅಕ್ಕ ಈಗ ಜಿಲ್ಲಾ ಆಸ್ಪತ್ರೆಯಲ್ಲಿದ್ದಾಳೆ. ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು. ಒಳಗೆ ಬೆರಳು ಎಷ್ಟು ಉಳಿದಿವೆ ಎಂದು ಡಾಕ್ಟರು ಇನ್ನೂ ಹೇಳಿಲ್ಲ. ಮಧ್ಯಾಹ್ನ ನಾನೇ ಹೋಗಿ ಅನ್ನ ಸಾರು ಕಲಸಿ ತಿನ್ನಿಸುತ್ತೇನೆ. ಇಷ್ಟು ದಿನ ಅವಳು ಮುಖ ಗೋಡೆಯ ಕಡೆಗೇ ಇಟ್ಟುಕೊಂಡು ತಿನ್ನುತ್ತಿದ್ದಳು. ನಿನ್ನೆ, ನಾಲ್ಕು ತುತ್ತು ತಿಂದ ಮೇಲೆ, ಗೋಡೆ ನೋಡುತ್ತಾ ಕೇಳಿದಳು.

"ನಿಂಗೆ ಇದು ಯಾವಾಗ ಗೊತ್ತಾಯ್ತು?"

"ಶ್ರಾವಣದಲ್ಲಿ."

"ನಾನು ಕೇಳ್ದಾಗೆಲ್ಲ ಇದೇನಾ ಇಟ್ಕೊಂಡಿದ್ದಿದ್ದು?"

"ನಿನ್ ಮಂಡಿ, ಅಕ್ಕ... ನಿಂಗೆ ಭಾರ ಆಗ್ಬಾರ್ದು ಅಂತ."

"ಹೋಗ್ತಿತ್ತು. ಮಂಡಿ ಹೋದ್ರೆ ಹೋಗ್ತಿತ್ತು. ತೆವಳ್ಕೊಂಡು ಹೋಗಿ ಕಿತ್ತು ಬಿಸಾಕ್ತಿದ್ದೆ. ನಂಗೊಬ್ಳಿಗೆ ಹೇಳೋದನ್ನ ಬಿಟ್ಟು ಊರಿಗೆ ಹಂಚಿಬಿಟ್ಯಲ್ಲೋ. ಅವತ್ತು ಮೈದಾನದಲ್ಲಿ ನಾನೂ ಕೇಳಿಸ್ಕೊಂಡೆ. ಏನೂ ಅನ್ನಿಸ್ಲೇ ಇಲ್ಲ ಕಣೋ ನಂಗೆ. ದಿನಾ ಅದ್ರ ಕೆಳಗೇ ಓಡಾಡ್ತಿದ್ದೆ, ಏನೂ ಅನ್ನಿಸ್ಲಿಲ್ಲ."

ಇನ್ನೊಂದು ತುತ್ತು ಮಾಡಿ ಅವಳ ಬಾಯಿಯ ಬಳಿ ಹಿಡಿದೆ. ಅವಳು ತಿಂದಳು. ನಿಧಾನವಾಗಿ ಅಗಿದು ನುಂಗಿ ಕೇಳಿದಳು:

"ಇನ್ನೆಷ್ಟಿವೆ ಊರಲ್ಲಿ?"

"ಅವತ್ತಿನ ಲೆಕ್ಕಕ್ಕೆ ಆರುನೂರ ಇಪ್ಪತ್ತೆಂಟು."

"ಶಾಲೇಲಿ?"

"ಮೂವತ್ತು."

ಮೊದಲ ಸಲ ಅವಳು ನನ್ನ ಕಡೆ ತಿರುಗಿದಳು. ಗಡಿಯಾರದಲ್ಲಿ ಒಂದೂಕಾಲು. ಶಾಲೆಯಲ್ಲಿ ಮಕ್ಕಳು ಊಟ ಮುಗಿಸಿ ತರಗತಿಗೆ ಹೋಗುವ ಹೊತ್ತು.

"ಎರಡು ಕೈ ನೆಟ್ಟಗಿಟ್ಕೊಂಡು, ನೀನು ಇಲ್ಲಿ ಕೂತು ನಂಗೆ ಅನ್ನ ತಿನ್ನಿಸ್ತಾ ಇದ್ದೀಯಾ?" ಅಂದಳು.

ನಾನು ಮುಂದಿನ ತುತ್ತು ಎತ್ತಿ ಹಿಡಿದಿದ್ದೆ. ಅವಳು ಬಾಯಿ ತೆರೆಯಲಿಲ್ಲ.